ಸಣ್ಣ ಹಿಡುವಳಿಯೂ ಸಾವಯವ ಪ್ರಮಾಣಪತ್ರವೂ

ಎರಡು ತೋಟಗಳಿಂದ ತಂದ ಕರಿಮೆಣಸನ್ನು ಎರಡು ತಟ್ಟೆಗಳಲ್ಲಿ ಹರವಿಟ್ಟು, ಇವುಗಳಲ್ಲಿ ರಾಸಾಯನಿಕಗಳ ಸೋಂಕಿಲ್ಲದೆ ಬೆಳೆದುದು ಯಾವುದು ಎಂದು ಕೇಳಿದರೆ ನುರಿತ ವ್ಯಾಪಾರಿಯೂ ಉತ್ತರ ಹೇಳಲಾರನು. ಕಾಳಿನ ಗಾತ್ರವನ್ನು ಕಣ್ಣು ಅಳೆಯಬಲ್ಲುದು. ಖಾರವನ್ನು ನಾಲಗೆ ಬಲ್ಲುದು. ಚೆನ್ನಾಗಿ ಒಣಗಿದೆಯೋ ಇಲ್ಲವೋ ಎಂಬುದನ್ನು ಹಲ್ಲಿನಲ್ಲಿ ಕಚ್ಚಿ ತಿಳಿಯಬಹುದು. ಆದರೆ ಆ ಬಳ್ಳಿಯ ಬುಡಕ್ಕೆ ಏನು ಹಾಕಿದರು, ಎಲೆಯ ಮೇಲೆ ಏನು ಸಿಂಪಡಿಸಿದರು ಎಂಬ ಚರಿತ್ರೆಯು ಕಾಳಿನ ಮೈಮೇಲೆ ಬರೆದಿರುವುದಿಲ್ಲ. ಆ ಚರಿತ್ರೆಯನ್ನು ಕ್ರಮವಾಗಿ ಬರೆದಿಟ್ಟು, ಬೇರೊಬ್ಬರಿಂದ ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿಕೊಳ್ಳುವ ಏರ್ಪಾಡಿಗೆ ಸಾವಯವ ಪ್ರಮಾಣೀಕರಣವೆಂದು ಹೆಸರು.

ನಮ್ಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಹೆಚ್ಚಿನವು ಅಲ್ಪಸ್ವಲ್ಪ ಭೂಮಿಯುಳ್ಳವು. ಸ್ವಲ್ಪ ಕಂಗು, ನಾಲ್ಕಾರು ತೆಂಗು, ಕಂಗಿಗೆ ಹಬ್ಬಿದ ಮೆಣಸಿನ ಬಳ್ಳಿ, ಗುಡ್ಡೆಯ ಬದಿಯಲ್ಲಿ ಗೇರು, ಹಟ್ಟಿಯಲ್ಲಿ ಒಂದೆರಡು ದನ - ಇಷ್ಟೇ ಅನೇಕರ ಸಂಪತ್ತು. ೨೦೧೫-೧೬ರ ಕೃಷಿ ಗಣತಿಯಂತೆ ಭಾರತದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರವು ೧.೦೮ ಹೆಕ್ಟೇರು, ನೂರರಲ್ಲಿ ೮೬ ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಚಿಕ್ಕವು. ಕೇರಳದ ಸರಾಸರಿಯಾದರೋ ೦.೧೮ ಹೆಕ್ಟೇರು ಮಾತ್ರ, ಎಂದರೆ ಸುಮಾರು ೪೪ ಸೆಂಟ್ಸು. ಇಷ್ಟು ಸಣ್ಣ ಭೂಮಿಗೆ ಪ್ರಮಾಣಪತ್ರವೆಂಬುದು ಪ್ರಯೋಜನಕಾರಿಯೋ, ಅಥವಾ ದೊಡ್ಡವರ ಅಂಗಿಯನ್ನು ಮಗುವಿಗೆ ತೊಡಿಸಿದಂತೆಯೋ? ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದೇ ಪ್ರಕೃತ ಲೇಖನದ ಉದ್ದೇಶ.

ಸಾವಯವ ಬೇಸಾಯವು ನಮ್ಮ ಹಿರಿಯರಿಗೆ ಹೊಸ ವಿದ್ಯೆಯಾಗಿರಲಿಲ್ಲ. ಗುಡ್ಡೆಯಿಂದ ಸೊಪ್ಪು ತಂದು ಹಟ್ಟಿಗೆ ಹಾಕುವುದು, ದನ ತುಳಿದ ಸೊಪ್ಪನ್ನು ಗೊಬ್ಬರವಾಗಿಸಿ ಕಂಗಿನ ಬುಡಕ್ಕೆ ಕೊಡುವುದು, ಸುಡುಮಣ್ಣು ಮಾಡುವುದು ಇವೆಲ್ಲ ಮನೆಯ ವಾಡಿಕೆಯೇ ಆಗಿತ್ತು. ಇಂಗ್ಲೆಂಡಿನಿಂದ ಸಸ್ಯಶಾಸ್ತ್ರಜ್ಞನಾಗಿ ಬಂದ ಆಲ್ಬರ್ಟ್ ಹೋವರ್ಡನು ಭಾರತದ ರೈತರ ಇಂತಹ ವಾಡಿಕೆಗಳನ್ನು ಗಮನಿಸಿ, ಇಂದೂರಿನಲ್ಲಿ ಕಸಕಡ್ಡಿ ಸಗಣಿಗಳಿಂದ ಗೊಬ್ಬರ ತಯಾರಿಸುವ ಕ್ರಮವೊಂದನ್ನು ರೂಪಿಸಿದನು. ೧೯೪೦ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಪಾಶ್ಚಾತ್ಯ ದೇಶಗಳಲ್ಲಿ ಸಾವಯವ ಚಳವಳಿಗೆ ಒಂದು ಮೂಲಾಧಾರವಾಯಿತು. ನಮ್ಮ ರೈತರ ವಿದ್ಯೆಯು ಸಮುದ್ರವನ್ನು ದಾಟಿ ಹೋಗಿ, ಹಲವು ದಶಕಗಳ ಬಳಿಕ ಮುದ್ರೆ, ನಮೂನೆ, ಶುಲ್ಕಗಳ ಸಮೇತ ನಮ್ಮ ಬಾಗಿಲಿಗೆ ಮರಳಿತು ಎಂದರೆ ಅತಿಶಯೋಕ್ತಿಯಾಗದು.

ಮುದ್ರೆಯ ಅಗತ್ಯ ಏಕೆ ಬಂತು? ಬೆಳೆದವನೂ ಉಣ್ಣುವವನೂ ಒಂದೇ ಊರಿನವರಾಗಿದ್ದಾಗ ಅದು ಬೇಕಿರಲಿಲ್ಲ. ಯಾರ ಗದ್ದೆಯ ಅಕ್ಕಿ, ಯಾರ ಹಿತ್ತಿಲ ಬಸಳೆ ಎಂಬುದು ಎಲ್ಲರಿಗೂ ತಿಳಿದಿತ್ತು. ಇವರಿಬ್ಬರ ನಡುವಣ ದೂರವು ಬೆಳೆದಂತೆ ನಂಬಿಕೆಗೆ ಬೇರೊಂದು ಆಸರೆ ಬೇಕಾಯಿತು. ೧೯೬೭ರಲ್ಲಿ ಇಂಗ್ಲೆಂಡಿನ ಮಣ್ಣಿನ ಸಂಘವು ಸಾವಯವ ಬೇಸಾಯಕ್ಕೆ ಲಿಖಿತ ನಿಯಮಗಳನ್ನು ಪ್ರಕಟಿಸಿತು. ೧೯೯೧ರಲ್ಲಿ ಯುರೋಪಿನ ರಾಷ್ಟ್ರಗಳು ಒಟ್ಟಾಗಿ ಕಾನೂನನ್ನೇ ಮಾಡಿದವು. ಅಲ್ಲಿಗೆ ಮಾಲು ಕಳುಹಿಸುವ ದೇಶಗಳೂ ತಕ್ಕ ಏರ್ಪಾಡು ಮಾಡಿಕೊಳ್ಳಬೇಕಾದುದರಿಂದ, ಭಾರತ ಸರ್ಕಾರದ ವಾಣಿಜ್ಯ ಮಂತ್ರಾಲಯವು ೨೦೦೦ದಲ್ಲಿ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಇದು ಹುಟ್ಟಿದ್ದು ವಾಣಿಜ್ಯ ಮಂತ್ರಾಲಯದಲ್ಲಿ, ಕೃಷಿ ಮಂತ್ರಾಲಯದಲ್ಲಲ್ಲ, ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಆ ಏರ್ಪಾಡಿನ ಗುಣದೋಷಗಳೆರಡಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಪ್ರಮಾಣಪತ್ರವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದರಲ್ಲಿ ಅನೇಕರಿಗೆ ಗೊಂದಲವುಂಟು. ಅದು ವಸ್ತುವಿನ ರುಚಿಗಾಗಲಿ ಪೌಷ್ಟಿಕತೆಗಾಗಲಿ ಕೊಟ್ಟ ಮುದ್ರೆಯಲ್ಲ. ಬೆಳೆದ ವಿಧಾನಕ್ಕೆ ಕೊಟ್ಟ ಮುದ್ರೆ. ಸಂಶ್ಲೇಷಿತ ಗೊಬ್ಬರ ಹಾಗೂ ಕೀಟನಾಶಕಗಳನ್ನು ಬಳಸಿಲ್ಲ, ಕುಲಾಂತರಿ ಬೀಜವನ್ನು ಬಿತ್ತಿಲ್ಲ, ಕೊಯ್ದ ಮೇಲೆ ಬೇರೆ ಮಾಲಿನೊಡನೆ ಬೆರಸಿಲ್ಲ ಎಂಬುದಕ್ಕೆ ದಾಖಲೆಯಿದೆ ಎಂದಷ್ಟೇ ಅದು ಸಾರುತ್ತದೆ. ಸಾವಯವ ಬೆಲ್ಲವಾದರೂ ಮಧುಮೇಹಿಗೆ ಬೆಲ್ಲವೇ.

ಇಲ್ಲಿ ನಮ್ಮ ಕಾಸರಗೋಡಿನ ಕತೆಯೊಂದನ್ನು ಹೇಳದೆ ಮುಂದುವರಿಯುವಂತಿಲ್ಲ. ನಮ್ಮ ಮಕ್ಕಳಿಗೆ ಅದು ಚರಿತ್ರೆಯ ಪಾಠ; ಅವರ ತಂದೆತಾಯಿಗಳಿಗೆ ಕಣ್ಣಾರೆ ಕಂಡ ಸಂಗತಿ. ೧೯೭೦ರ ದಶಕದ ಕೊನೆಯಿಂದ ೨೦೦೦ದ ವರೆಗೆ ಜಿಲ್ಲೆಯ ಗುಡ್ಡಗಳ ಮೇಲಣ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ತೋಟಗಳು ಗುಡ್ಡದ ನೆತ್ತಿಯಲ್ಲಿ. ಮನೆಗಳು, ಬಾವಿಗಳು, ಸುರಂಗಗಳು, ತೋಡುಗಳು ಕೆಳಗಿನ ಕಣಿವೆಯಲ್ಲಿ. ಮೇಲಿನಿಂದ ಬಿದ್ದ ಹನಿಗಳನ್ನು ಗಾಳಿಯೂ ಮಳೆನೀರೂ ಎಲ್ಲಿಗೆ ಒಯ್ದವು ಎಂಬುದನ್ನು ವಿವರಿಸಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯ ವೈ. ಎಸ್. ಮೋಹನ ಕುಮಾರರೂ, ಆ ಊರಿನವರೇ ಆದ ಪತ್ರಕರ್ತ ಶ್ರೀಪಡ್ರೆಯವರೂ ಈ ಅನರ್ಥವನ್ನು ಲೋಕದ ಗಮನಕ್ಕೆ ತಂದವರಲ್ಲಿ ಮುಖ್ಯರು. ಪೆರಿಯದ ಕಡೆಯಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮನವರು ೧೯೯೮ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಆ ವಿಷವನ್ನು ನಿಷೇಧಿಸಿತು. ಅದೇ ವರ್ಷ ಸ್ಟಾಕ್‌ಹೋಮ್ ಒಡಂಬಡಿಕೆಯೂ ಅದನ್ನು ಜಗತ್ತಿನಿಂದ ತೊಲಗಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು.

ಇದನ್ನು ಇಲ್ಲಿ ಎತ್ತಲು ಕಾರಣವಿದೆ. ಅಂದು ಕಣಿವೆಯ ಕೆಳಗೆ ಒಂದು ಚಮಚ ವಿಷವನ್ನೂ ಕೊಳ್ಳದೆ ಬೇಸಾಯ ಮಾಡುತ್ತಿದ್ದ ಬಡರೈತನು ತನ್ನ ಫಸಲು ಶುದ್ಧವೆಂದು ಪ್ರಮಾಣ ಮಾಡಿ ಹೇಳಬಹುದಾಗಿತ್ತೇ? ಮನಸ್ಸು ಶುದ್ಧವಾಗಿದ್ದರೆ ಸಾಲದು, ನೆರೆಯೂ ಶುದ್ಧವಾಗಿರಬೇಕು. ಆದುದರಿಂದಲೇ ಪ್ರಮಾಣೀಕರಣದ ನಿಯಮಗಳು ಪಕ್ಕದ ಜಮೀನಿನಿಂದ ಸಿಂಪಡಣೆಯೂ ನೀರೂ ಹರಿದು ಬಾರದಂತೆ ನಡುವೆ ತಡೆಪಟ್ಟಿಯಿರಬೇಕೆಂದು ಹೇಳುತ್ತವೆ. ಅದು ಬೇಲಿಗಿಡಗಳ ಸಾಲಾಗಬಹುದು, ಖಾಲಿ ಬಿಟ್ಟ ಜಾಗವಾಗಬಹುದು. ಆ ಪಟ್ಟಿಯೊಳಗೆ ಬೆಳೆದುದನ್ನು ಸಾವಯವವೆಂದು ಮಾರುವಂತಿಲ್ಲ. ಹತ್ತು ಎಕರೆಯುಳ್ಳವನಿಗೆ ಇದು ದೊಡ್ಡ ನಷ್ಟವಲ್ಲ. ೪೪ ಸೆಂಟ್ಸಿನವನು ನಾಲ್ಕೂ ಕಡೆ ಪಟ್ಟಿ ಬಿಟ್ಟರೆ ಉಳಿಯುವುದೆಷ್ಟು? ಒಬ್ಬೊಬ್ಬರೇ ಹೊರಡುವುದಕ್ಕಿಂತ ನೆರೆಹೊರೆಯ ನಾಲ್ಕೈದು ಮನೆಯವರು ಒಟ್ಟಾಗಿ ಹೊರಡುವುದು ಮೇಲೆಂಬುದಕ್ಕೆ ಇದು ಮೊದಲನೆಯ ಕಾರಣ. ನಡುವಣ ಗಡಿಗಳೆಲ್ಲ ಆಗ ತಾವಾಗಿಯೇ ಕರಗುತ್ತವೆ.

ಇನ್ನು ಕಾಲದ ಮಾತು. ರಾಸಾಯನಿಕ ಬಳಸುತ್ತಿದ್ದ ಭೂಮಿಯು ಒಂದು ದಿನದಲ್ಲಿ ಸಾವಯವವಾಗುವುದಿಲ್ಲ. ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ಕಂಗು, ತೆಂಗು, ಮೆಣಸುಗಳಂತಹ ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಅವಧಿಯಾಗಿರುತ್ತದೆ. ಈ ಅವಧಿಯೇ ಸಣ್ಣ ರೈತನ ಪಾಲಿಗೆ ಕಡುಕಷ್ಟದ್ದು. ನಿಯಮಗಳೆಲ್ಲ ಸಾವಯವದವು, ಬೆಲೆ ಮಾತ್ರ ಪೇಟೆಯ ಸಾಮಾನ್ಯ ಬೆಲೆ. ಮೇಲಾಗಿ ಗೊಬ್ಬರದ ಚೀಲಕ್ಕೆ ಒಗ್ಗಿದ ಮಣ್ಣು ಮೊದಮೊದಲು ಫಸಲನ್ನು ಕಡಮೆ ಮಾಡುವುದೂ ಉಂಟು. ಬ್ಯಾಂಕಿನ ಸಾಲದ ಕಂತಾಗಲಿ ಮಗಳ ಕಾಲೇಜಿನ ಶುಲ್ಕವಾಗಲಿ ಪರಿವರ್ತನೆಯ ಅವಧಿ ಮುಗಿಯಲೆಂದು ಕಾಯುವುದಿಲ್ಲ. ಆದುದರಿಂದ ಹಟ್ಟಿಯೂ ಸೊಪ್ಪೂ ಮೊದಲೇ ಉಳ್ಳ ಮನೆಯವರು ಮಾತ್ರ ಈ ದಾರಿಗಿಳಿಯುವುದು ಸುರಕ್ಷಿತವೆಂದು ನಮ್ಮ ಅಭಿಪ್ರಾಯ. ಗೊಬ್ಬರವನ್ನೆಲ್ಲ ಹಣ ಕೊಟ್ಟು ತರಬೇಕಾದವನು ಸಾವಯವದಲ್ಲಿಯೂ ಸಾಲಗಾರನೇ ಆದಾನು. ಕಾಸರಗೋಡಿನ ಗಿಡ್ಡ ತಳಿಯ ದನವು ಅಲ್ಪ ಮೇವಿನಲ್ಲಿ ಬದುಕಿ ಹಟ್ಟಿ ತುಂಬ ಗೊಬ್ಬರ ಕೊಡುತ್ತದೆ. ತೆಂಗಿನ ಗರಿಯನ್ನು ಎರೆಹುಳುಗಳಿಂದ ಗೊಬ್ಬರವಾಗಿಸುವ ವಿಧಾನವನ್ನು ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾಲಯವು ರೂಪಿಸಿಕೊಟ್ಟಿದೆ. ಇವೆರಡೂ ನಮ್ಮ ಬಾಗಿಲಲ್ಲೇ ಇರುವ ಅನುಕೂಲಗಳು.

ಕಂಗಿನ ತೋಟದವರು ತಕ್ಷಣ ಕೇಳುವ ಪ್ರಶ್ನೆಯೊಂದಿದೆ: ಕೊಳೆರೋಗಕ್ಕೆ ಮದ್ದು ಬಿಡುವಂತಿಲ್ಲವೇ? ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಕೊಳೆಯಿಸಿ ಉದುರಿಸುವ ಈ ರೋಗದ ಬಗೆಗೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಶಾಸ್ತ್ರೀಯ ಅಧ್ಯಯನವನ್ನು ನಡೆಸಿ ೧೯೧೦ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಬಳಕೆಯು ಅಂದಿನಿಂದ ನಮ್ಮ ಕಡೆಯ ತೋಟಗಳಲ್ಲಿ ಬೇರೂರಿತು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು - ಈ ಪ್ರಮಾಣವು ತೋಟದ ಮನೆಯ ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠವಾಗಿರುವುದು. ಸಾವಯವವೆಂದರೆ ಏನನ್ನೂ ಸಿಂಪಡಿಸದಿರುವುದೆಂದು ತಿಳಿದವರಿಗೆ ಆಶ್ಚರ್ಯವಾಗಬಹುದು: ಬೋರ್ಡೋ ದ್ರಾವಣಕ್ಕೆ ಸಾವಯವ ನಿಯಮಗಳಲ್ಲಿ ಪೂರ್ತಿ ನಿಷೇಧವಿಲ್ಲ. ಅದು ಖನಿಜಮೂಲದ್ದಾದುದರಿಂದ ನಿರ್ಬಂಧಗಳೊಡನೆ ಅನುಮತಿಯಿದೆ. ನಿರ್ಬಂಧವೇಕೆಂದರೆ, ತಾಮ್ರವು ಧಾತುವಾದುದರಿಂದ ಮಣ್ಣಿನಲ್ಲಿ ಕರಗಿ ಇಲ್ಲವಾಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುತ್ತ ಹೋಗಿ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಎರೆಹುಳುಗಳಿಗೂ ಕೇಡು ಮಾಡುತ್ತದೆ.

ಮೇಲಿನ ತರಗತಿಯ ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ಮೈಲುತುತ್ತಿನಲ್ಲಿ ತಾಮ್ರದ ಅಂಶವು ತೂಕದಲ್ಲಿ ನೂರಕ್ಕೆ ೨೫.೫ ಪಾಲು. ಒಂದು ಎಕರೆ ತೋಟಕ್ಕೆ ಒಂದು ಸಲಕ್ಕೆ ೩೦೦ ಲೀಟರು ದ್ರಾವಣವೆಂದು ಲೆಕ್ಕಕ್ಕಾಗಿ ಹಿಡಿಯೋಣ. ಆಗ ಮೈಲುತುತ್ತು ೩ ಕಿಲೋ, ಅದರೊಳಗಿನ ತಾಮ್ರ ೭೬೫ ಗ್ರಾಮು. ಎರಡು ಸಲ ಬಿಟ್ಟರೆ ೧.೫೩ ಕಿಲೋ, ಹೆಕ್ಟೇರಿಗೆ ಪರಿವರ್ತಿಸಿದರೆ ಸುಮಾರು ೩.೭೮ ಕಿಲೋ. ಯುರೋಪಿನ ಒಕ್ಕೂಟವು ತನ್ನ ರೈತರಿಗೆ ೨೦೧೯ರಿಂದ ವಿಧಿಸಿರುವ ಮಿತಿಯು ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು ೨೮ ಕಿಲೋ ತಾಮ್ರ, ಎಂದರೆ ವರ್ಷಕ್ಕೆ ಸರಾಸರಿ ೪ ಕಿಲೋ. ಎರಡು ಸಿಂಪಡಣೆಯು ಈ ಅಳತೆಯೊಳಗೆ ಹೇಗೋ ಹಿಡಿಯಿತು. ಮಳೆ ಬಿಡುವು ಕೊಡದೆ ಮೂರನೆಯ ಸಲವೂ ಬಿಟ್ಟರೆ ೫.೬೭ ಕಿಲೋ ಆಗುತ್ತದೆ. ಪ್ರತಿ ವರ್ಷವೂ ಹೀಗೇ ಮಾಡಿದರೆ ಏಳು ವರ್ಷದ ಪಾಲು ಐದು ವರ್ಷದೊಳಗೇ ತೀರಿಹೋಗುತ್ತದೆ. ಕಂಗಿಗೆ ಬಿಟ್ಟ ದ್ರಾವಣವು ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಮೇಲೂ ಇಳಿಯುವುದರಿಂದ, ಮೆಣಸಿಗೆ ಮಾತ್ರ ಮುದ್ರೆ ಬೇಕೆನ್ನುವವರೂ ಈ ಲೆಕ್ಕವನ್ನು ಬಿಡುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಹಳೆಯ ಪದ್ಧತಿಯು ಕೂಲಿಯ ದೃಷ್ಟಿಯಿಂದ ದುಬಾರಿಯಾದರೂ ತಾಮ್ರದ ದೃಷ್ಟಿಯಿಂದ ಅಗ್ಗ. ಬಸಿಗಾಲುವೆಗಳನ್ನು ಕೆರಸಿ ನೀರು ನಿಲ್ಲದಂತೆ ಮಾಡುವುದೂ, ಉದುರಿದ ಕೊಳೆಕಾಯಿಗಳನ್ನು ಹೆಕ್ಕಿ ತೋಟದಿಂದ ಆಚೆ ಹಾಕುವುದೂ ರೋಗವನ್ನು ತಗ್ಗಿಸುತ್ತವೆ.

ಖರ್ಚಿನ ವಿಷಯಕ್ಕೆ ಬರೋಣ. ಪ್ರಮಾಣಪತ್ರ ಕೊಡುವ ಸಂಸ್ಥೆಯು ತನ್ನ ಪರೀಕ್ಷಕನನ್ನು ದೂರದ ಪಟ್ಟಣದಿಂದ ಕಳುಹಿಸಿ ಪ್ರತಿ ವರ್ಷವೂ ತೋಟವನ್ನು ನೋಡಿಸುತ್ತದೆ. ಅವನ ಪ್ರಯಾಣ, ದಿನಭತ್ಯ, ಸಂಸ್ಥೆಯ ಶುಲ್ಕ ಇವು ತೋಟದ ವಿಸ್ತಾರಕ್ಕೆ ತಕ್ಕಂತೆ ಕುಗ್ಗುವುದಿಲ್ಲ. ಅರ್ಧ ಎಕರೆಗೂ ಐವತ್ತು ಎಕರೆಗೂ ಪ್ರಯಾಣದ ಖರ್ಚು ಒಂದೇ. ಇಲ್ಲಿ ನಮಗೆ ಅನ್ಯಾಯವೆಂದು ತೋರುವ ಸಂಗತಿಯೊಂದನ್ನು ಹೇಳಿಬಿಡುತ್ತೇವೆ. ವಿಷ ಸುರಿದು ಬೆಳೆದವನು ಪೇಟೆಯಲ್ಲಿ ಏನನ್ನೂ ರುಜುವಾತುಪಡಿಸಬೇಕಾಗಿಲ್ಲ. ಸುರಿಯದವನು ಮಾತ್ರ ತನ್ನ ನಿರಪರಾಧವನ್ನು ಕೈಯಿಂದ ಹಣ ತೆತ್ತು ಸಿದ್ಧಪಡಿಸಬೇಕು. ಲೋಕದ ರೀತಿ ಇದಕ್ಕೆ ವಿಪರ್ಯಯವಾಗಿರಬೇಕಾಗಿತ್ತು.

ಈ ಭಾರವನ್ನು ಹಗುರಮಾಡಲು ಗುಂಪು ಪ್ರಮಾಣೀಕರಣವೆಂಬ ಉಪಾಯವನ್ನು ಕಂಡುಹಿಡಿದಿದ್ದಾರೆ. ಒಂದೇ ಪ್ರದೇಶದ, ಒಂದೇ ಬಗೆಯ ಬೆಳೆಯ ಸಣ್ಣ ರೈತರು ಗುಂಪು ಕಟ್ಟಿಕೊಂಡು, ತಮ್ಮೊಳಗಿನವರನ್ನೇ ಆಂತರಿಕ ಪರೀಕ್ಷಕರನ್ನಾಗಿ ನೇಮಿಸುತ್ತಾರೆ. ಆಂತರಿಕ ಪರೀಕ್ಷಕರು ಪ್ರತಿಯೊಂದು ತೋಟವನ್ನೂ ನೋಡಿ ಬರೆದಿಡುತ್ತಾರೆ. ಹೊರಗಿನ ಸಂಸ್ಥೆಯವರು ಆ ಬರೆಹವನ್ನು ಓದಿ, ಕೆಲವು ತೋಟಗಳನ್ನು ತಾವೇ ಆರಿಸಿಕೊಂಡು ಪರಿಶೀಲಿಸುತ್ತಾರೆ. ಎಷ್ಟು ತೋಟಗಳನ್ನು ನೋಡಬೇಕು? ಬಹುಕಾಲ ಲೋಕದಲ್ಲಿ ರೂಢಿಯಲ್ಲಿದ್ದ ಕನಿಷ್ಠ ಸಂಖ್ಯೆಯು ಸದಸ್ಯರ ಸಂಖ್ಯೆಯ ವರ್ಗಮೂಲವಾಗಿತ್ತು. ಗುಂಪಿನಲ್ಲಿ ೧೦೦ ಮಂದಿ ಇದ್ದರೆ ೧೦ ತೋಟ, ೪೦೦ ಮಂದಿ ಇದ್ದರೆ ೨೦ ತೋಟ. ವರ್ಗಮೂಲದಿಂದ ಬದುಕಿಗೆ ಏನು ಪ್ರಯೋಜನವೆಂದು ಕೇಳುವ ಬಾಲಕರಿಗೆ ಇದೊಂದು ಉತ್ತರ. ೨೦೨೨ರಿಂದ ಜಾರಿಯಾದ ಯುರೋಪಿನ ಹೊಸ ಕಾನೂನಿನಲ್ಲಿ ವರ್ಗಮೂಲದ ಬದಲು ನೂರಕ್ಕೆ ಐದು ಎಂಬ ಕನಿಷ್ಠ ಪ್ರಮಾಣವಿದೆ. ಗುಂಪಿನಲ್ಲಿ ೨೦೦೦ಕ್ಕಿಂತ ಹೆಚ್ಚು ಸದಸ್ಯರಿರುವಂತಿಲ್ಲ, ಗುಂಪು ಕಾನೂನುಬದ್ಧ ಸಂಸ್ಥೆಯಾಗಿ ನೋಂದಣಿಯಾಗಿರಬೇಕು.

ಗುಂಪಿನಲ್ಲಿ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಬಹಳ ಕಡೆಗಳಲ್ಲಿ ಪ್ರಮಾಣಪತ್ರವು ರೈತನ ಕೈಯಲ್ಲಿರುವುದಿಲ್ಲ. ಖರ್ಚು ಭರಿಸಿದ ವ್ಯಾಪಾರಿ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಆಗ ರೈತನು ತನ್ನ ಸಾವಯವ ಮೆಣಸನ್ನು ಬೇರೊಬ್ಬನಿಗೆ ಸಾವಯವವೆಂದು ಮಾರಲಾರನು. ಗುಂಪಿಗೆ ಸಹಿ ಹಾಕುವ ಮುಂಚೆ ಪತ್ರವು ಯಾರ ಹೆಸರಿನಲ್ಲಿ ಬರುವುದೆಂಬುದನ್ನು ತಿಳಿದುಕೊಳ್ಳತಕ್ಕದ್ದು. ಕಾಗದವು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ ಅರ್ಥ ಮಾಡಿಕೊಂಡ ಮೇಲೆಯೇ ಹೆಬ್ಬೆಟ್ಟಾಗಲಿ ಸಹಿಯಾಗಲಿ. ಗಡಿನಾಡಿನಲ್ಲಿರುವ ನಮಗೆ ಇದು ಸಣ್ಣ ಮಾತಲ್ಲ.

ದೂರದೇಶದ ಪೇಟೆ ಬೇಡ, ನಮ್ಮ ದೇಶದೊಳಗೆ ಮಾರಿದರೆ ಸಾಕೆನ್ನುವವರಿಗೆ ಇನ್ನೂ ಸುಲಭವಾದ ಮಾರ್ಗವಿದೆ. ಕೇಂದ್ರ ಕೃಷಿ ಮಂತ್ರಾಲಯದ ಪಾಲ್ಗೊಳ್ಳುವಿಕೆಯ ಖಾತರಿ ಪದ್ಧತಿಯಲ್ಲಿ ಹೊರಗಿನ ಪರೀಕ್ಷಕನಿಲ್ಲ. ಹತ್ತಿರ ಹತ್ತಿರ ವಾಸಿಸುವ ಕನಿಷ್ಠ ಐದು ರೈತರು ಕೂಡಿ ಒಂದು ಸ್ಥಳೀಯ ಗುಂಪಾಗಿ, ನಿಯಮ ಪಾಲಿಸುವೆವೆಂದು ಪ್ರತಿಜ್ಞೆ ಮಾಡಿ, ಒಬ್ಬರ ತೋಟವನ್ನು ಇನ್ನೊಬ್ಬರು ಪರಿಶೀಲಿಸಿ, ಗುಂಪಿನ ಸಭೆಯಲ್ಲಿ ತೀರ್ಮಾನ ಮಾಡುತ್ತಾರೆ. ಪ್ರಾದೇಶಿಕ ಮಂಡಳಿಯು ಅದನ್ನು ಅನುಮೋದಿಸುತ್ತದೆ. ಪರಿವರ್ತನೆಯ ಅವಧಿಯಲ್ಲಿರುವವರಿಗೆ ಹಸುರು ಮುದ್ರೆ, ಅವಧಿ ಮುಗಿಸಿದವರಿಗೆ ಸಾವಯವ ಮುದ್ರೆ. ಒಂದೇ ಮನೆಯವರು ಮೇಲಿನ ತೋಟದಲ್ಲಿ ರಾಸಾಯನಿಕ, ಕೆಳಗಿನ ತೋಟದಲ್ಲಿ ಸಾವಯವ ಎಂದು ಎರಡು ಬಗೆ ನಡೆಸಲು ಇದರಲ್ಲಿ ಆಸ್ಪದವಿಲ್ಲ. ಈ ಮುದ್ರೆಯಿಂದ ರಫ್ತು ಮಾಡುವಂತಿಲ್ಲ.

ನೆರೆಯವನೇ ಪರೀಕ್ಷಕನಾದರೆ ದಾಕ್ಷಿಣ್ಯಕ್ಕೆ ಬಿದ್ದು ಕಣ್ಣು ಮುಚ್ಚುವುದಿಲ್ಲವೇ ಎಂದು ಕೇಳಬಹುದು. ಮುಚ್ಚಬಹುದು. ಆದರೆ ವರ್ಷಕ್ಕೊಮ್ಮೆ ಬಂದು ಹೋಗುವ ಅಪರಿಚಿತನಿಗಿಂತ ಬೇಲಿಯಾಚೆಯವನಿಗೆ ನಮ್ಮ ತೋಟದ ವಿಷಯ ಹೆಚ್ಚು ತಿಳಿದಿರುವುದೂ ನಿಜ. ಮದ್ದಿನ ವಾಸನೆಯು ಬೇಲಿಯನ್ನು ಲೆಕ್ಕಿಸುವುದಿಲ್ಲ. ಹೊರಗಿನ ಪರೀಕ್ಷೆಯೂ ಮೋಸಕ್ಕೆ ಅತೀತವಲ್ಲ. ನಮ್ಮ ದೇಶದ ಮೇಲ್ವಿಚಾರಣೆಯಲ್ಲಿ ಕೊಟ್ಟ ಸಾವಯವ ಪತ್ರಗಳಿಗೆ ತಾನು ಕೊಡುತ್ತಿದ್ದ ಮನ್ನಣೆಯನ್ನು ಅಮೇರಿಕ ಸಂಯುಕ್ತ ಸಂಸ್ಥಾನವು ೨೦೨೧ರ ಜನವರಿಯಲ್ಲಿ ಹಿಂತೆಗೆದುಕೊಂಡಿತು; ಅಲ್ಲಿಗೆ ಮಾಲು ಕಳುಹಿಸುವವರು ಬಳಿಕ ಅಲ್ಲಿನ ಮಾನ್ಯತೆಯುಳ್ಳ ಸಂಸ್ಥೆಗಳಿಂದಲೇ ಪತ್ರ ಪಡೆಯಬೇಕಾಯಿತು. ಕೆಲವರ ಮೇಲೆ ಅಪನಂಬಿಕೆ ಹುಟ್ಟಿದರೆ ಸಾವಿರಾರು ಪ್ರಾಮಾಣಿಕ ರೈತರೂ ಅದರ ಬೆಲೆ ತೆರಬೇಕಾಗುತ್ತದೆ.

ಯಾವ ಪತ್ರವೂ ಇಲ್ಲದೆ ಮಾರಬಹುದೇ ಎಂಬ ಪ್ರಶ್ನೆಗೂ ಕಾನೂನಿನಲ್ಲಿ ಉತ್ತರವಿದೆ. ಸಾವಯವ ಆಹಾರದ ಬಗೆಗೆ ೨೦೧೭ರಲ್ಲಿ ಆದ ಕೇಂದ್ರದ ನಿಯಮಗಳು, ವರ್ಷಕ್ಕೆ ೧೨ ಲಕ್ಷ ರೂಪಾಯಿ ಮೀರದ ವಹಿವಾಟುಳ್ಳ ಸಣ್ಣ ಬೆಳೆಗಾರನು ತಾನು ಬೆಳೆದುದನ್ನು ಉಣ್ಣುವವನಿಗೆ ನೇರವಾಗಿ ಮಾರುವಲ್ಲಿ ಪ್ರಮಾಣೀಕರಣದಿಂದ ವಿನಾಯಿತಿ ಕೊಟ್ಟಿವೆ. ಸರ್ಕಾರದ ಜೈವಿಕ ಭಾರತ ಮುದ್ರೆಯನ್ನು ಮಾತ್ರ ಅವನು ಹಾಕುವಂತಿಲ್ಲ. ಊರ ಸಂತೆಯಲ್ಲಿ ತರಕಾರಿ ಮಾರುವವರಿಗೆ ಇದು ಸಾಕು. ಅವರು ಪತ್ರಕ್ಕಾಗಿ ಹಣ ವ್ಯಯಮಾಡುವುದು ಅನಾವಶ್ಯಕ. ಅಡಕೆಯನ್ನೇ ನಂಬಿದವರಿಗೂ ಪತ್ರದಿಂದ ಹೆಚ್ಚಿನ ಲಾಭವನ್ನು ನಾವು ಕಾಣೆವು, ಅಡಕೆಯ ಪೇಟೆಯು ನೋಡುವುದು ಬಣ್ಣವನ್ನೂ ತುಂಡಿನ ಒಳಮೈಯನ್ನೂ. ಮೆಣಸು, ಗೇರುಬೀಜ, ಕೊಕ್ಕೋ, ಕೊಬ್ಬರಿ ಎಣ್ಣೆಗಳಂತೆ ದೂರ ಪ್ರಯಾಣ ಮಾಡುವ ಸರಕುಗಳಲ್ಲಿಯೇ ಅದರ ಬೆಲೆ ಪ್ರಕಟವಾಗುವುದು. ಅದೂ ಕೊಳ್ಳುವವನು ಯಾರೆಂದು ಮೊದಲೇ ಗೊತ್ತುಮಾಡಿಕೊಂಡವರಿಗೆ.

ಕೊನೆಯದಾಗಿ ತೋಟದ ದಿನಚರಿಯ ವಿಚಾರ. ಮೇಲೆ ಹೇಳಿದ ಯಾವ ಮಾರ್ಗವನ್ನು ಹಿಡಿದರೂ ಬರೆಹವಿಲ್ಲದೆ ನಡೆಯದು, ಮತ್ತು ನಮ್ಮ ಮನೆಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಹಿರಿಯರಿಗೆ ಎಲ್ಲ ನೆನಪಿರುತ್ತದೆ; ಆದರೆ ನೆನಪನ್ನು ಯಾವ ಪರೀಕ್ಷಕನೂ ಓದಲಾರನು. ಎಂಟನೆಯ ತರಗತಿಯ ವಿದ್ಯಾರ್ಥಿಯು ಒಂದು ಸಾಧಾರಣ ನೋಟುಪುಸ್ತಕದಲ್ಲಿ ಈ ಕೆಲಸವನ್ನು ಮಾಡಬಲ್ಲನು. ಮೊದಲ ಪುಟದಲ್ಲಿ ತೋಟದ ನಕ್ಷೆ: ದಿಕ್ಕು, ತೋಡು, ಬಾವಿ, ನೆರೆಯವರ ಗಡಿ, ಆ ಗಡಿಯಾಚೆ ಏನು ಬೆಳೆ, ಅಲ್ಲಿ ಮದ್ದು ಬಿಡುವ ರೂಢಿಯಿದೆಯೇ. ಮುಂದಿನ ಪುಟಗಳಲ್ಲಿ ತಾರೀಕು, ಮಾಡಿದ ಕೆಲಸ, ಹಾಕಿದ ವಸ್ತು, ಅದರ ತೂಕ, ಎಲ್ಲಿಂದ ತಂದುದು. ಹೊರಗಿನಿಂದ ಕೊಂಡ ಬೇವಿನ ಹಿಂಡಿಯ ಚೀಟಿಯನ್ನೂ ಅಂಗಡಿಯ ರಸೀದಿಯನ್ನೂ ಅಲ್ಲಿಯೇ ಅಂಟಿಸಬೇಕು. ಕೊಯ್ಲು ಮಾಡಿದ ದಿನ, ಒಣಗಿದ ಮೇಲಿನ ತೂಕ, ಯಾವ ಗೋಣಿಯಲ್ಲಿ ತುಂಬಿದರು, ಯಾರಿಗೆ ಎಷ್ಟು ಕೊಟ್ಟರು ಎಂಬುದೂ ಇರಬೇಕು. ರಾಸಾಯನಿಕ ಗೊಬ್ಬರ ತುಂಬಿ ಬಂದ ಹಳೆಯ ಚೀಲದಲ್ಲಿ ಸಾವಯವ ಮೆಣಸನ್ನು ತುಂಬಿಟ್ಟರೆ ಮೂರು ವರ್ಷದ ಶ್ರಮವು ಒಂದು ಗಂಟೆಯಲ್ಲಿ ಹಾಳಾದೀತು. ಕನ್ನಡದಲ್ಲಿ ಬರೆದ ದಿನಚರಿಯನ್ನು ಮನೆಯ ಎಲ್ಲರೂ ಓದಿ ತಿದ್ದಬಹುದು. ಪರೀಕ್ಷಕನಿಗೆ ಅದರ ಸಾರಾಂಶವನ್ನು ಬೇಕಾದ ಭಾಷೆಯಲ್ಲಿ ಮಾಡಿಕೊಡುವುದು ಬಳಿಕದ ಕೆಲಸ. ಈ ವರ್ಷವೇ ಆರಂಭಿಸುವ ಇಚ್ಛೆಯುಳ್ಳ ಮನೆಯವರು ಮಳೆಗಾಲಕ್ಕೆ ಮುಂಚಿತವಾಗಿಯೇ ತಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ, ಮೊದಲ ಸೊಪ್ಪು ಹಾಕುವ ದಿನದಿಂದಲೇ ಪುಸ್ತಕವನ್ನು ತೆರೆಯಬಹುದು.